ಸ್ಪುಟ್ನಿಕ್ ಹಾದಿ ಕಾದವರು

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಸಿದ್ಧತೆ ಅರೆಬರೆಯಾಗಿತ್ತು. ತಮ್ಮದೇ ಉಪಗ್ರಹಕ್ಕೆಂದು ಕಟ್ಟಿಕೊಂಡಿದ್ದ ರೇಡಿಯೊ ನಿಲ್ದಾಣಗಳು 108 ಮೆಗಾಹರ್ಟ್ಸ್‌ಗೆ ಕಿವಿಗೊಟ್ಟು ಕೂತಿದ್ದವು. ಸ್ಪುಟ್ನಿಕ್ ಬೀಪ್ ಬೀಪ್ ಎನ್ನುತ್ತಿದ್ದುದು 20 ಮತ್ತು 40ರಲ್ಲಿ. ಉಪಗ್ರಹಗಳ ಚಿತ್ರ ತೆಗೆಯಲೆಂದು ಜಗತ್ತಿನ 12 ಕಡೆ ನಿಲ್ಲಿಸಬೇಕಿದ್ದ ಬೇಕರ್-ನನ್ ಕ್ಯಾಮೆರಾಗಳಲ್ಲಿ ಒಂದೂ ತನ್ನ ಜಾಗ ಸೇರಿರಲಿಲ್ಲ. ತಯಾರಾಗಿ ಕಾಯುತ್ತಿದ್ದವರು ಶಾಲಾ ಮೇಷ್ಟ್ರುಗಳು, ಹೈಸ್ಕೂಲು ಮಕ್ಕಳು, ಗೃಹಿಣಿಯರು.

ಇವರನ್ನು ಕಲೆಹಾಕಿದ್ದು ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕ ಫ್ರೆಡ್ ವಿಪಲ್. ಹವ್ಯಾಸಿಗಳ ಕೈಲಿ ಇದು ಆಗುವ ಕೆಲಸವೇ ಎಂದು ಮೂಗು ಮುರಿದ ವಿಜ್ಞಾನಿಗಳೂ ಇದ್ದರು. ವಿಪಲ್ ಲೆಕ್ಕವೇ ಬೇರೆ. ಕ್ಯಾಮೆರಾ ಎಷ್ಟೇ ದೊಡ್ಡದಿರಲಿ, ಅದನ್ನು ಯಾವ ಕಡೆ ತಿರುಗಿಸಬೇಕೆಂದು ಮೊದಲು ಯಾರಾದರೂ ಹೇಳಬೇಕಲ್ಲ! ಹಾಗೆ 1956ರಲ್ಲಿ ಶುರುವಾಯಿತು ‘ಮೂನ್‌ವಾಚ್’.

ಬಯಲಿನಲ್ಲೋ ಕಟ್ಟಡದ ತಾರಸಿಯಲ್ಲೋ ಒಂದು ಎತ್ತರದ ಕಂಬ, ಅದರ ತುದಿಗೊಂದು ಅಡ್ಡಪಟ್ಟಿ. ಕೆಳಗೆ ಉತ್ತರ-ದಕ್ಷಿಣವಾಗಿ ಸಾಲು ಬೆಂಚುಗಳು, ಒಬ್ಬೊಬ್ಬರ ಮುಂದೆ ಒಂದೊಂದು ಪುಟ್ಟ ದೂರದರ್ಶಕ. ಕತ್ತೆತ್ತಿಕೊಂಡು ಎಷ್ಟು ಹೊತ್ತು ಕೂರಲಾದೀತು? ಅದಕ್ಕೇ ದೂರದರ್ಶಕದ ಮುಂದೆ ಕನ್ನಡಿ ಕೂರಿಸಿ, ತಲೆ ತಗ್ಗಿಸಿದರೆ ಆಕಾಶ ಕಾಣುವಂತೆ ಮಾಡಿದ್ದರು. ಪ್ರತಿಯೊಬ್ಬರ ಪಾಲಿಗೂ ಬಾನಿನ ಒಂದೊಂದು ತುಣುಕು. ಪಕ್ಕದವರ ತುಣುಕಿನ ಮೇಲೆ ತುಸು ಹತ್ತಿಕೊಂಡಿರುವುದರಿಂದ ನಡುವೆ ಸಂದು ಇಲ್ಲದ ಬೇಲಿ. ಚುಕ್ಕೆಯೊಂದು ಆ ಕಂಬ ಗುರುತಿಸುವ ನಡುಗೆರೆ ದಾಟಿದ ಕ್ಷಣವೇ ಕೂಗಬೇಕು. ಆ ಕೂಗೂ ರೇಡಿಯೊದ ಸಮಯ ಸಂಕೇತವೂ ಒಂದೇ ಟೇಪಿನಲ್ಲಿ ದಾಖಲಾಗುತ್ತಿದ್ದವು. ನೆಲಕ್ಕೆ ಕತ್ತಲು ಕವಿದು, ಮೇಲಿನ ಉಪಗ್ರಹಕ್ಕೆ ಇನ್ನೂ ಬಿಸಿಲು ಬೀಳುತ್ತಿರಬೇಕಾದ್ದರಿಂದ ಈ ಕಾವಲೆಲ್ಲ ಮುಸ್ಸಂಜೆ ಮತ್ತು ನಸುಕಿನಲ್ಲೇ.

ಅಕ್ಟೋಬರ್ 8ರಂದು ಆಸ್ಟ್ರೇಲಿಯದ ಸಿಡ್ನಿ ಮತ್ತು ವೂಮೆರಾ ತಂಡಗಳಿಂದ ಸುದ್ದಿ ಬಂತು: ಕಂಡಿದೆ. ಸ್ಪುಟ್ನಿಕ್ಕೇ ಕಂಡಿತೆಂದು ಊರೂರಲ್ಲಿ ಜನ ಸಂಭ್ರಮಪಟ್ಟರು. ಅವರ ಬರಿಗಣ್ಣಿಗೆ ಬಿದ್ದದ್ದು ಬಹುತೇಕ ಅದರ ಜೊತೆಗೇ ಸುತ್ತುತ್ತಿದ್ದ ರಾಕೆಟ್. 58 ಸೆಂಟಿಮೀಟರಿನ ಗೋಳ ಅಷ್ಟು ಸುಲಭಕ್ಕೆ ಕಾಣುವಂಥದ್ದಲ್ಲ. ಮೂರು ವಾರಕ್ಕೆ ಬ್ಯಾಟರಿ ಮುಗಿದು ಬೀಪ್ ನಿಂತಿತು. ಆಮೇಲೆ ಉಳಿದದ್ದು ಕಣ್ಣಿನ ಕೆಲಸ.

ಕ್ಯಾಮೆರಾಗಳೂ ಒಂದೊಂದಾಗಿ ನೆಲೆ ಸೇರಿದವು. ಭಾರತದ ಪಾಲಿನದು ಬಂದದ್ದು ನೈನಿತಾಲ್‌ಗೆ. ಆಗ ಅಲ್ಲಿನ ವೀಕ್ಷಣಾಲಯದ ಹೊಣೆ ಹೊತ್ತಿದ್ದವರು ವೈಣು ಬಾಪು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು.

ಕ್ಯಾಮೆರಾ ಬಂದರೂ ಮೂನ್‌ವಾಚ್ ಮಂದಿಗೆ ಕೆಲಸ ತಪ್ಪಲಿಲ್ಲ. ಉಪಗ್ರಹಗಳು ಕೆಳಗೆ ಬೀಳುವ ಹೊತ್ತನ್ನೂ ಅವರು ಕಾಯತೊಡಗಿದರು. 1962ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಸ್ಪುಟ್ನಿಕ್ 4 ಉರಿಯುತ್ತಾ ಚೂರುಚೂರಾಗಿ ಬರುವುದನ್ನು ಮಿಲ್ವಾಕಿ ತಂಡ ನೋಡಿತು. ಅದೇ ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಊರಿನಲ್ಲಿ ಗಸ್ತು ತಿರುಗುತ್ತಿದ್ದ ಇಬ್ಬರು ಪೊಲೀಸರಿಗೆ ನಡುರಸ್ತೆಯಲ್ಲಿ ಲೋಹದ ಮುದ್ದೆಯೊಂದು ಸಿಕ್ಕಿತು. ಗುಜರಿಯೆಂದುಕೊಂಡು ಅದನ್ನು ಬದಿಗೆ ಸರಿಸಿ ಹೋದರಂತೆ. ಸುದ್ದಿ ಕೇಳಿದ ಮೇಲೆ ಓಡಿಬಂದರು. ಸುಮಾರು 9 ಕಿಲೊ ತೂಗುತ್ತಿದ್ದ ಆ ತುಂಡನ್ನು ಅಮೆರಿಕ ಕೊನೆಗೆ ಸೋವಿಯತ್ತರಿಗೇ ಹಿಂತಿರುಗಿಸಿತು. ಊರಿನ ಮ್ಯೂಸಿಯಮ್ಮಿನಲ್ಲಿ ಇರುವುದು ಅದರ ಪ್ರತಿಕೃತಿ.

1975ರಲ್ಲಿ ಮೂನ್‌ವಾಚ್ ಮುಚ್ಚಿತು, ಹವ್ಯಾಸಿಗಳ ಚಟ ಬಿಡಲಿಲ್ಲ. 1990ರ ಫೆಬ್ರವರಿಯಲ್ಲಿ ಅಮೆರಿಕದ ಅಟ್ಲಾಂಟಿಸ್ ನೌಕೆ ರಹಸ್ಯ ಉಪಗ್ರಹವೊಂದನ್ನು ಒಯ್ದಿತು. ಕೆಲವೇ ದಿನಗಳಲ್ಲಿ ಅದು ಒಡೆದುಹೋಯಿತೆಂದು ವರದಿಯಾಯಿತು. ಒಂದು ಕಾಲಕ್ಕೆ ಇಂಥವರ ಕಣ್ಣನ್ನೇ ನೆಚ್ಚಿದ್ದ ಸರ್ಕಾರಕ್ಕೆ ಇದು ಇರಿಸುಮುರಿಸಾಗಿರಬೇಕು: ಆ ವರ್ಷ ಕಳೆಯುವ ಮೊದಲೇ ಹವ್ಯಾಸಿಗಳು ಅದನ್ನು ಬೇರೊಂದು ಕಕ್ಷೆಯಲ್ಲಿ ಪತ್ತೆ ಹಚ್ಚಿ, ಲೆಕ್ಕ ಸಮೇತ ಲೋಕಕ್ಕೆ ಹೇಳಿಬಿಟ್ಟರು.