ವೇದಾ ಕೃಷ್ಣಮೂರ್ತಿ

ವೇದಾ ಕೃಷ್ಣಮೂರ್ತಿ (ಜನನ: 16 ಅಕ್ಟೋಬರ್ 1992, ಕಡೂರು, ಚಿಕ್ಕಮಗಳೂರು ಜಿಲ್ಲೆ) ಭಾರತ ಮಹಿಳಾ ಕ್ರಿಕೆಟ್ ತಂಡದ ಮಾಜಿ ಆಟಗಾರ್ತಿ. ಬಲಗೈ ಬ್ಯಾಟರ್ ಆಗಿದ್ದ ಅವರು ಅಗತ್ಯವಿದ್ದಾಗ ಲೆಗ್ ಸ್ಪಿನ್ ಬೌಲಿಂಗ್ ಕೂಡ ಮಾಡುತ್ತಿದ್ದರು. 2011ರಿಂದ 2020ರವರೆಗೆ ಭಾರತದ ಪರ 48 ಏಕದಿನ ಹಾಗೂ 76 ಟಿ20 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದರು. 2017ರ ಏಕದಿನ ವಿಶ್ವಕಪ್ ಮತ್ತು 2020ರ ಟಿ20 ವಿಶ್ವಕಪ್ ಫೈನಲ್‌ಗಳಲ್ಲಿ ಆಡಿದ ಭಾರತ ತಂಡಗಳ ಸದಸ್ಯೆ. ಮಹಿಳಾ ಕ್ರಿಕೆಟ್ ಭಾರತದಲ್ಲಿ ಜೀವನೋಪಾಯದ ವೃತ್ತಿಯಾಗಿ ರೂಪುಗೊಂಡ ಅವಧಿಯಲ್ಲೇ ಅವರ ಕ್ರೀಡಾಜೀವನವೂ ಸಾಗಿತು.

ಆರಂಭಿಕ ಜೀವನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೊದಲಾದ ಮಲೆನಾಡು ತಾಲ್ಲೂಕುಗಳಿರುವ ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಭಾಗದಲ್ಲಿ ಕಡೂರು ಇದೆ. ವೇದಾ ಅವರು ಬಾಲ್ಯದಲ್ಲಿ ಇದೇ ಪಟ್ಟಣದ ಬೀದಿಗಳಲ್ಲಿ ಹುಡುಗರೊಂದಿಗೆ ಕ್ರಿಕೆಟ್ ಆಡುತ್ತ ಬೆಳೆದರು. ಎಳೆಯ ವಯಸ್ಸಿನಲ್ಲೇ ಕರಾಟೆ ತರಗತಿಗೆ ಸೇರಿ, 12ನೆಯ ವಯಸ್ಸಿಗೆ ಬ್ಲ್ಯಾಕ್ ಬೆಲ್ಟ್ ಪಡೆದರು. ಆದರೆ ಅವರ ಒಲವು ಕ್ರಿಕೆಟ್ ಕಡೆಗಿತ್ತು. 2005ರಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಸೇರಿ ತರಬೇತುದಾರ ಇರ್ಫಾನ್ ಸೇಠ್ ಅವರ ಬಳಿ ಕ್ರಮಬದ್ಧ ಅಭ್ಯಾಸ ಆರಂಭಿಸಿದರು. ಅಕ್ಕನೊಂದಿಗೆ ಬೆಂಗಳೂರಿನಲ್ಲಿ ನೆಲೆಸಿ ವಿದ್ಯಾಭ್ಯಾಸ ಮತ್ತು ಆಟ ಎರಡನ್ನೂ ಮುಂದುವರಿಸಿದರು.

ದೇಶೀಯ ಕ್ರಿಕೆಟ್ ಮತ್ತು ಉದ್ಯೋಗ

ಅವರು ದೇಶೀಯ ಕ್ರಿಕೆಟ್‌ನಲ್ಲಿ ಕರ್ನಾಟಕ ಮತ್ತು ರೈಲ್ವೇಸ್ ತಂಡಗಳ ಪರ ಆಡಿದರು. ಕರ್ನಾಟಕ ತಂಡದ ನಾಯಕಿಯೂ ಆಗಿದ್ದರು. ಮಹಿಳಾ ಆಟಗಾರರಿಗೆ ಆಟದಿಂದಲೇ ಆದಾಯವಿಲ್ಲದಿದ್ದ ಕಾಲದಲ್ಲಿ ಭಾರತೀಯ ರೈಲ್ವೆಯ ಉದ್ಯೋಗವು ಮಾಸಿಕ ಸಂಬಳ ಮತ್ತು ಅಭ್ಯಾಸಕ್ಕೆ ಬಿಡುವು ಎರಡನ್ನೂ ಒದಗಿಸುತ್ತಿತ್ತು. 2017ರ ವಿಶ್ವಕಪ್ ಆಡಿದ 15 ಮಂದಿಯ ಭಾರತ ತಂಡದಲ್ಲಿ ವೇದಾ ಅವರೂ ಸೇರಿದಂತೆ 10 ಮಂದಿ ರೈಲ್ವೆ ಉದ್ಯೋಗಿಗಳಾಗಿದ್ದರು.

ಅಂತರರಾಷ್ಟ್ರೀಯ ಕ್ರಿಕೆಟ್

2011ರ ಜೂನ್ ತಿಂಗಳಲ್ಲಿ ಇಂಗ್ಲೆಂಡ್ ಪ್ರವಾಸದ ವೇಳೆ ಅವರು ಭಾರತ ತಂಡಕ್ಕೆ ಪದಾರ್ಪಣೆ ಮಾಡಿದರು. ಜೂನ್ 30ರಂದು ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಚೊಚ್ಚಲ ಏಕದಿನ ಪಂದ್ಯದಲ್ಲೇ 51 ರನ್ ಗಳಿಸಿದರು. ಆಗ ಅವರಿಗೆ 18 ವರ್ಷ.

ಅವರ ಹೆಸರು ಮನೆಮಾತಾದದ್ದು 2017ರ ವಿಶ್ವಕಪ್‌ನಲ್ಲಿ. ಸೆಮಿಫೈನಲ್ ತಲುಪಲು ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ವಿರುದ್ಧದ ಪಂದ್ಯದಲ್ಲಿ (ಡರ್ಬಿ, ಜುಲೈ 15) ಅವರು 45 ಎಸೆತಗಳಲ್ಲಿ 70 ರನ್ ಹೊಡೆದರು. ನಾಯಕಿ ಮಿಥಾಲಿ ರಾಜ್ ಶತಕ ಗಳಿಸಿದ ಆ ಪಂದ್ಯದಲ್ಲಿ ಭಾರತ 265 ರನ್ ಪೇರಿಸಿತು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್‌ಗಳಿಗೆ 5 ವಿಕೆಟ್ ಪಡೆದು, ಎದುರಾಳಿಯನ್ನು 79 ರನ್‌ಗಳಿಗೆ ಕಟ್ಟಿಹಾಕುವಲ್ಲಿ ಪ್ರಮುಖ ಪಾತ್ರ ವಹಿಸಿದರು.

ಜುಲೈ 23ರಂದು ಲಾರ್ಡ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಇಂಗ್ಲೆಂಡ್ ನೀಡಿದ್ದ 229 ರನ್‌ಗಳ ಗುರಿಯೆದುರು ಭಾರತ 3 ವಿಕೆಟ್‌ಗೆ 191 ರನ್ ಗಳಿಸಿತ್ತು. ವೇದಾ 35 ರನ್ ಗಳಿಸಿ ಔಟಾದರು. ಕೊನೆಯ 7 ವಿಕೆಟ್‌ಗಳು 28 ರನ್‌ಗಳ ಅಂತರದಲ್ಲಿ ಉರುಳಿ, ತಂಡವು 9 ರನ್‌ಗಳಿಂದ ಸೋತಿತು.

ಅದೇ ವರ್ಷ ಅವರು ಆಸ್ಟ್ರೇಲಿಯಾದ ಮಹಿಳಾ ಬಿಗ್ ಬ್ಯಾಷ್ ಲೀಗ್‌ನಲ್ಲಿ ಹೋಬಾರ್ಟ್ ಹರಿಕೇನ್ಸ್ ತಂಡ ಸೇರಿದರು. ಹರ್ಮನ್‌ಪ್ರೀತ್ ಕೌರ್ ಮತ್ತು ಸ್ಮೃತಿ ಮಂಧಾನ ಅವರ ನಂತರ ಈ ಲೀಗ್‌ಗೆ ಆಯ್ಕೆಯಾದ ಮೂರನೆಯ ಭಾರತೀಯ ಆಟಗಾರ್ತಿ ಇವರು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಪ್ರೇಕ್ಷಕರ ಮುಂದೆ ಆಸ್ಟ್ರೇಲಿಯಾ ವಿರುದ್ಧ ನಡೆದ ಟಿ20 ವಿಶ್ವಕಪ್ ಫೈನಲ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು.

ಆದಾಯ

ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು (ಬಿಸಿಸಿಐ) ಮಹಿಳಾ ಕ್ರಿಕೆಟ್‌ನ ಆಡಳಿತವನ್ನು 2006ರಲ್ಲಿ ವಹಿಸಿಕೊಂಡಿತು. ಆದರೆ ಆಟಗಾರ್ತಿಯರಿಗೆ ವಾರ್ಷಿಕ ಗುತ್ತಿಗೆ ದೊರೆತದ್ದು 2015ರಲ್ಲಿ. ಆಗ ‘ಎ’ ದರ್ಜೆಗೆ 15 ಲಕ್ಷ ಮತ್ತು ‘ಬಿ’ ದರ್ಜೆಗೆ 10 ಲಕ್ಷ ರೂಪಾಯಿ ನಿಗದಿಯಾಗಿತ್ತು. ಅಂದರೆ ವೇದಾ ಅವರು ಭಾರತದ ಪರ ಆಡಲಾರಂಭಿಸಿದ ಮೊದಲ ನಾಲ್ಕು ವರ್ಷಗಳಲ್ಲಿ ಇಂಥ ವ್ಯವಸ್ಥೆಯೇ ಇರಲಿಲ್ಲ.

2017ರ ವಿಶ್ವಕಪ್ ಸಾಧನೆಗಾಗಿ ಮಂಡಳಿಯು ಪ್ರತಿ ಆಟಗಾರ್ತಿಗೆ 50 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. 2018ರಲ್ಲಿ ಗುತ್ತಿಗೆ ಮೊತ್ತವು ಏರಿ, ‘ಬಿ’ ದರ್ಜೆಯಲ್ಲಿದ್ದ ವೇದಾ ಅವರಿಗೆ ವಾರ್ಷಿಕ 30 ಲಕ್ಷ ರೂಪಾಯಿ ನಿಗದಿಯಾಯಿತು. ಅದೇ ವರ್ಷ ಪುರುಷರ ಅತ್ಯುನ್ನತ ದರ್ಜೆಯ ಮೊತ್ತ 7 ಕೋಟಿ ರೂಪಾಯಿ ಇತ್ತು. 2020ರ ಜನವರಿಯ ಪಟ್ಟಿಯಲ್ಲಿ ಅವರು 10 ಲಕ್ಷ ರೂಪಾಯಿಯ ‘ಸಿ’ ದರ್ಜೆಗೆ ಇಳಿದರು. 2021ರ ಮೇ ತಿಂಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ (ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ) ನೀಡುವ ನಿರ್ಧಾರವನ್ನು ಬಿಸಿಸಿಐ 2022ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಆ ವೇಳೆಗೆ ವೇದಾ ತಮ್ಮ ಕೊನೆಯ ಅಂತರರಾಷ್ಟ್ರೀಯ ಪಂದ್ಯವನ್ನಾಡಿ ಎರಡೂವರೆ ವರ್ಷ ಕಳೆದಿತ್ತು. 2023ರಲ್ಲಿ ಆರಂಭವಾದ ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜಿನಲ್ಲಿ ಸ್ಮೃತಿ ಮಂಧಾನ 3.4 ಕೋಟಿ ರೂಪಾಯಿಗೆ ಬೆಂಗಳೂರು ತಂಡದ ಪಾಲಾದರು. ವೇದಾ ಅವರನ್ನು 2024ರ ಆವೃತ್ತಿಗಾಗಿ ಗುಜರಾತ್ ಜೈಂಟ್ಸ್ ತಂಡ 30 ಲಕ್ಷ ರೂಪಾಯಿಗೆ ಖರೀದಿಸಿತು.

ವೈಯಕ್ತಿಕ ಜೀವನ

ಕೋವಿಡ್ ಎರಡನೆಯ ಅಲೆಯ ಸಮಯದಲ್ಲಿ, 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಎರಡೇ ವಾರಗಳ ಅಂತರದಲ್ಲಿ ಅವರು ತಾಯಿ ಮತ್ತು ಅಕ್ಕನನ್ನು ಕಳೆದುಕೊಂಡರು. ದುಃಖದಲ್ಲಿದ್ದ ಆಟಗಾರ್ತಿಯನ್ನು ಮಂಡಳಿ ವಿಚಾರಿಸಿಕೊಳ್ಳಲಿಲ್ಲವೆಂದು ಆಸ್ಟ್ರೇಲಿಯಾದ ಮಾಜಿ ನಾಯಕಿ ಲಿಸಾ ಸ್ಥಾಲೇಕರ್ ಬಹಿರಂಗವಾಗಿ ಟೀಕಿಸಿದರು. ಆಟಗಾರರ ಮಾನಸಿಕ ಆರೋಗ್ಯದ ಬಗೆಗೆ ಮಂಡಳಿಯ ಹೊಣೆಯೇನೆಂಬ ಚರ್ಚೆಗೆ ಇದು ಕಾರಣವಾಯಿತು. ಅನಂತರ ಮಂಡಳಿಯ ಕಾರ್ಯದರ್ಶಿ ತಮಗೆ ಕರೆ ಮಾಡಿ ಮಾತನಾಡಿದ್ದಕ್ಕೆ ವೇದಾ ಕೃತಜ್ಞತೆ ಸಲ್ಲಿಸಿದರು.

2023ರ ಜನವರಿಯಲ್ಲಿ ಅವರು ಕರ್ನಾಟಕದ ಕ್ರಿಕೆಟಿಗ ಅರ್ಜುನ್ ಹೊಯ್ಸಳ ಅವರನ್ನು ವಿವಾಹವಾದರು.

ನಿವೃತ್ತಿ

2025ರ ಜುಲೈ ತಿಂಗಳಲ್ಲಿ ವೇದಾ ನಿವೃತ್ತಿ ಘೋಷಿಸಿದರು. ಏಕದಿನ ಪಂದ್ಯಗಳಲ್ಲಿ 8 ಅರ್ಧಶತಕಗಳೊಂದಿಗೆ 829 ರನ್ (ಗರಿಷ್ಠ 71), ಟಿ20 ಪಂದ್ಯಗಳಲ್ಲಿ 2 ಅರ್ಧಶತಕಗಳೊಂದಿಗೆ 875 ರನ್ (ಗರಿಷ್ಠ ಅಜೇಯ 57) ಅವರ ಅಂತರರಾಷ್ಟ್ರೀಯ ಗಳಿಕೆ. ಆಟದ ಜೊತೆಗೆ ವೀಕ್ಷಕ ವಿವರಣೆಗಾರ್ತಿಯಾಗಿಯೂ ಅವರು ಪರಿಚಿತರು.