ರಕ್ತದ ಪೋಷಣಾ ಸೂಚಕಗಳು ಮತ್ತು ಸ್ತನ ಕ್ಯಾನ್ಸರ್

ಫೋಲೇಟ್, ಬಿ12, ವಿಟಮಿನ್ ಡಿ, ಕ್ಯಾರೊಟಿನಾಯ್ಡ್, ಕೊಬ್ಬು: ಇವುಗಳ ರಕ್ತಮಟ್ಟ ನೋಡಿ ಮಹಿಳೆಯೊಬ್ಬಳ ಸ್ತನ ಕ್ಯಾನ್ಸರ್ ಅಪಾಯವನ್ನು ಮೊದಲೇ ಅಂದಾಜಿಸಬಹುದೇ ಎಂಬ ಶೋಧದ ಇತಿಹಾಸವಿದು.

1926ರಲ್ಲಿ ಬ್ರಿಟನ್ನಿನ ಜಾನೆಟ್ ಲೇನ್-ಕ್ಲೇಪನ್ ರೋಗವಿದ್ದ ಸುಮಾರು 500 ಮಹಿಳೆಯರನ್ನು ರೋಗವಿಲ್ಲದವರೊಡನೆ ಹೋಲಿಸಿ, ಹೆರಿಗೆಗೂ ಮೊಲೆಯೂಡಿಸುವುದಕ್ಕೂ ಈ ರೋಗದೊಡನೆ ಇರುವ ನಂಟನ್ನು ತೋರಿಸಿದರು. ಆಗ ರಕ್ತಪರೀಕ್ಷೆಯ ಮಾತೇ ಇರಲಿಲ್ಲ. ಫೋಲೇಟಿನ ಜಾಡು ಸಿಕ್ಕಿದ್ದು ನಮ್ಮ ನೆಲದಲ್ಲಿಯೇ. 1928ರಲ್ಲಿ ಮುಂಬಯಿಗೆ ಬಂದ ಬ್ರಿಟನ್ನಿನ ವೈದ್ಯೆ ಲೂಸಿ ವಿಲ್ಸ್, ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡರು. ಅದರೊಳಗಿನ ಗುಣಕಾರಿ ಅಂಶ ಫೋಲೇಟ್ ಎಂದು ತಿಳಿದದ್ದು ಆಮೇಲೆ.

ದೊಡ್ಡ ತಿರುವು ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನದ್ದು. 1976ರಲ್ಲಿ ಆರಂಭವಾದ ಅದು 1989–90ರಲ್ಲಿ 32,826 ದಾದಿಯರ ರಕ್ತವನ್ನು ಪಡೆದು ಶೈತ್ಯೀಕರಿಸಿಟ್ಟಿತು. ಕಾಯಿಲೆ ಬರುವ ಮುನ್ನವೇ ತೆಗೆದ ರಕ್ತ ಎಂಬುದೇ ಇದರ ಹಿರಿಮೆ. ಗಡ್ಡೆ ಬೆಳೆದ ಮೇಲೆ ತೆಗೆದ ರಕ್ತದಲ್ಲಿ ವಿಟಮಿನ್ ಕಡಿಮೆಯಿದ್ದರೆ, ಅದು ರೋಗದ ಕಾರಣವೋ, ಊಟ ಸೇರದೆ ಆದ ಪರಿಣಾಮವೋ ಬಿಡಿಸಿ ಹೇಳಲಾಗದು. ಆಸ್ಪತ್ರೆಗೆ ಬಂದ ರೋಗಿಗಳನ್ನಷ್ಟೇ ನೋಡಿದ ಅಧ್ಯಯನಗಳನ್ನು ಈ ಎಚ್ಚರದಿಂದಲೇ ಓದಬೇಕು.

2012ರಲ್ಲಿ, ಮೊದಲೇ ರಕ್ತ ತೆಗೆದಿಟ್ಟ ಎಂಟು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಕ್ಯಾರೊಟಿನಾಯ್ಡ್ ಹೆಚ್ಚಿದ್ದವರಲ್ಲಿ ಅಪಾಯ ಕಡಿಮೆ ಕಂಡಿತು, ಅದರಲ್ಲೂ ಈಸ್ಟ್ರೊಜೆನ್ ಗ್ರಾಹಕವಿಲ್ಲದ ಗಡ್ಡೆಗಳ ವಿಷಯದಲ್ಲಿ. ಹಾಗೆಂದು ಮಾತ್ರೆ ನುಂಗಿದರೆ ಸಾಲದು: 25,871 ಮಂದಿಯ ವಿಟಮಿನ್ ಡಿ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾದಾಗ ಕ್ಯಾನ್ಸರ್ ಪ್ರಮಾಣ ತಗ್ಗಿರಲಿಲ್ಲ. ಫೋಲೇಟಿನ ರಕ್ಷಣೆ ದಾದಿಯರ ಅಧ್ಯಯನದ 1999ರ ವರದಿಯಲ್ಲಿ ಎದ್ದು ಕಂಡದ್ದು ನಿತ್ಯ ಮದ್ಯ ಸೇವಿಸುವ ದಾದಿಯರಲ್ಲಿ. ವಿಜಯಪುರ ಜಿಲ್ಲೆಯ ಬಬಲೇಶ್ವರದ, ಮದ್ಯ ಮುಟ್ಟದ ರೈತ ಮಹಿಳೆಗೆ ಆ ಫಲಿತಾಂಶವನ್ನು ಹಾಗೇ ಅನ್ವಯಿಸುವುದು ಸರಿಯಲ್ಲ.

ವಿಜಯಪುರ, ತಿಕೋಟಾ, ಬಬಲೇಶ್ವರದ ತಾಟಿನಲ್ಲಿ ಜೋಳದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಮೆಂತೆಪಲ್ಯ, ಹಸಿಯಾಗಿ ತಿನ್ನುವ ಹಕ್ಕರಕಿ ಇವೆ. ಫೋಲೇಟಿಗೂ ಕ್ಯಾರೊಟಿನಾಯ್ಡಿಗೂ ಸೊಪ್ಪು ಒಳ್ಳೆಯ ಮೂಲ. ಇದೇ ಜೋಳದ ಸೀಮೆಗೆ ಸೇರಿದ, ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅಲ್ಲಿನ ಸ್ತನ ಕ್ಯಾನ್ಸರ್ ಪ್ರಮಾಣ ಮುಂಬಯಿಗಿಂತ ಬಹಳ ಕಡಿಮೆ. ಇದರ ಶ್ರೇಯವನ್ನು ಊಟವೊಂದಕ್ಕೇ ಕೊಡಲಾಗದು. ಬೇಗನೆ ಹೆರಿಗೆ, ದೀರ್ಘಕಾಲ ಮೊಲೆಯೂಡಿಸುವುದು, ಹೊಲದ ದುಡಿಮೆ ಎಲ್ಲವೂ ಸೇರಿವೆ. ಪೇಟೆಯಲ್ಲಿ ಇವು ಬದಲಾಗುತ್ತಿವೆ, ಬೊಜ್ಜೂ ಹೆಚ್ಚುತ್ತಿದೆ. ಮುಟ್ಟು ನಿಂತ ಮೇಲೆ ಮೈಕೊಬ್ಬಿನಲ್ಲೇ ಈಸ್ಟ್ರೊಜೆನ್ ತಯಾರಾಗುವುದರಿಂದ ಬೊಜ್ಜು ಅಪಾಯವನ್ನು ಹೆಚ್ಚಿಸುತ್ತದೆ.

ಈ ಭಾಗದ ಹೆಣ್ಣುಮಕ್ಕಳಿಗೆ ಅತಿ ಪರಿಚಿತ ಸೂಚಕ ಹಿಮೋಗ್ಲೋಬಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದು ಸ್ತನ ಕ್ಯಾನ್ಸರಿನ ಮುನ್ಸೂಚನೆಯಲ್ಲ, ಆದರೆ ಕಿಮೊಥೆರಪಿ ತಾಳಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ರೋಗವನ್ನು ಬೇಗ ಹಿಡಿಯಲು ಈ ಯಾವ ರಕ್ತಪರೀಕ್ಷೆಯೂ ಸಾಲದು. ಸರ್ಕಾರದ ತಪಾಸಣಾ ಕಾರ್ಯಕ್ರಮವು 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗೊತ್ತುಪಡಿಸಿರುವುದು ತರಬೇತಿ ಪಡೆದ ಕೈಗಳಿಂದ ಸ್ತನ ಪರೀಕ್ಷೆಯನ್ನು.