ಮಸೂರದ ಹಿಂದಿನ ಎಂಟು ಗಂಟೆ

ಗಲ್ಫಿಗೆ ಹೊರಡುವ ಮೊದಲು ನಾವೆಲ್ಲರೂ ಮೆಡಿಕಲ್ ಮಾಡಿಸಿಕೊಂಡೇ ಬಂದವರು. ರಕ್ತ ಲ್ಯಾಬಿಗೆ ಹೋಗುತ್ತದೆ, ‘ಫಿಟ್’ ಎಂದು ಬಂದರೆ ವೀಸಾ ಮುಂದುವರಿಯುತ್ತದೆ. ಆ ಲ್ಯಾಬಿನ ಮೇಜಿನ ಮೇಲಿರುವ ಮೈಕ್ರೋಸ್ಕೋಪಿಗೆ ಒಂದು ಚರಿತ್ರೆಯಿದೆ. ಅದು ದುಡಿಯುವವರ ಚರಿತ್ರೆಯೂ ಹೌದು.

ನಾವಿರುವ ಖತೀಫ್‌ಗೂ ಮೈಕ್ರೋಸ್ಕೋಪಿಗೂ ಹಳೆಯ ನಂಟು. ಖರ್ಜೂರದ ತೋಟ, ಬುಗ್ಗೆ, ಕಾಲುವೆಗಳಿದ್ದ ಈ ಓಯಸಿಸ್‌ನಲ್ಲಿ ನೀರಿನ ಜೊತೆಗೆ ಸೊಳ್ಳೆಯಿತ್ತು, ಮಲೇರಿಯಾ ಇತ್ತು. 1940ರ ದಶಕದ ಕೊನೆಯಲ್ಲಿ ಅರಾಮ್ಕೊ ಇಲ್ಲಿ ಡಿಡಿಟಿ ಸಿಂಪಡಿಸಿ ಅದನ್ನು ಹತೋಟಿಗೆ ತರುವ ಕೆಲಸ ಹಿಡಿಯಿತು. ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಗಾಜಿನ ಮೇಲೆ ಸವರಿದ ಒಂದು ಹನಿ ರಕ್ತವನ್ನು ಮಸೂರದಡಿ ನೋಡಬೇಕಿತ್ತು. ಆ ಮಸೂರವನ್ನು ನಂಬಬಹುದಾದಂತೆ ಮಾಡಿದವರಲ್ಲಿ ಮುಂಚೂಣಿಯ ಹೆಸರು ಜರ್ಮನಿಯ ಕಾರ್ಲ್ ಝೈಸ್.

ಝೈಸ್ 1846ರಲ್ಲಿ ಯೇನಾ ಎಂಬ ಊರಿನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದಾಗ ಅವನಿಗೆ ಮೂವತ್ತು ವರ್ಷ. ಆ ಕಾಲದಲ್ಲಿ ಮಸೂರ ಉಜ್ಜುವುದು ಕೈಚಳಕದ ಕೆಲಸ. ಉಜ್ಜುವುದು, ಕೂಡಿಸಿ ನೋಡುವುದು, ಸರಿಯಾಗದಿದ್ದರೆ ಬದಲಿಸುವುದು. ಸರಿಯಿಲ್ಲದ ಮೈಕ್ರೋಸ್ಕೋಪನ್ನು ಝೈಸ್ ತಾನೇ ಸುತ್ತಿಗೆಯಿಂದ ಪುಡಿ ಮಾಡುತ್ತಿದ್ದ ಎಂದು ಹೇಳುತ್ತಾರೆ. ಲೆಕ್ಕ ಹಾಕಿ ಮಸೂರ ಮಾಡಬೇಕೆಂದು 1866ರಲ್ಲಿ ಅವನು ಯೇನಾ ವಿಶ್ವವಿದ್ಯಾಲಯದ ಎರ್ನ್ಸ್ಟ್ ಅಬೆಯನ್ನು ಜೊತೆಗೆ ಸೇರಿಸಿಕೊಂಡ. ಆರು ವರ್ಷಗಳ ನಂತರ, 1872ರಲ್ಲಿ, ಲೆಕ್ಕದ ಪ್ರಕಾರ ತಯಾರಾದ ಮೈಕ್ರೋಸ್ಕೋಪುಗಳು ಮಾರಾಟಕ್ಕೆ ಬಂದವು. 1884ರಲ್ಲಿ ಒಟ್ಟೊ ಶಾಟ್ ಜೊತೆ ಸೇರಿ ಗಾಜಿನ ಪ್ರಯೋಗಾಲಯವನ್ನೂ ಕಟ್ಟಿದರು. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡದ್ದು ಝೈಸ್ ಮಸೂರದ ನೆರವಿನಿಂದಲೇ.

ಇಷ್ಟು ವಿಜ್ಞಾನದ ಕಥೆ. ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಮುಂದಿನದು.

ಅಬೆಯ ತಂದೆ ನೂಲಿನ ಗಿರಣಿಯ ಕಾರ್ಮಿಕ. ದಿನಕ್ಕೆ 14ರಿಂದ 16 ಗಂಟೆ ನಿಂತೇ ದುಡಿಯುತ್ತಿದ್ದ. ಹುಡುಗ ಅಬೆ ಮಧ್ಯಾಹ್ನದ ಊಟ ಕೊಂಡೊಯ್ದರೆ ತಂದೆ ಯಂತ್ರದ ಪಕ್ಕದಲ್ಲೇ ಅವಸರದಲ್ಲಿ ಉಣ್ಣುತ್ತಿದ್ದ. ಮಗ ಇದನ್ನು ಮರೆಯಲಿಲ್ಲ. ಝೈಸ್ 1888ರಲ್ಲಿ ತೀರಿಕೊಂಡ ಮೇಲೆ, ಕಾರ್ಖಾನೆಯ ಒಡೆಯನಾಗಿ ಉಳಿಯಬಹುದಾಗಿದ್ದ ಅಬೆ 1889ರಲ್ಲಿ ಕಾರ್ಲ್ ಝೈಸ್ ಪ್ರತಿಷ್ಠಾನ ಸ್ಥಾಪಿಸಿ ತನ್ನ ಪಾಲನ್ನು ಅದಕ್ಕೆ ಬಿಟ್ಟುಕೊಟ್ಟ. 1896ರ ಅದರ ನಿಯಮಗಳಲ್ಲಿ ಸಂಬಳ ಸಹಿತ ರಜೆ, ಪಿಂಚಣಿ, ಕೆಲಸದಿಂದ ತೆಗೆದರೆ ಪರಿಹಾರ ಎಲ್ಲವೂ ಇದ್ದವು. ನೌಕರನ ಧರ್ಮ, ಹುಟ್ಟು, ಪಕ್ಷ ನೋಡಬಾರದು. ಮೇಲಧಿಕಾರಿಯ ಸಂಬಳ ಕಾರ್ಮಿಕರ ಸರಾಸರಿ ಗಳಿಕೆಯ ಹತ್ತು ಪಟ್ಟು ಮೀರಬಾರದು ಎಂದೂ ಬರೆದಿತ್ತು. 1900ರಲ್ಲಿ ಅಲ್ಲಿ ಎಂಟು ಗಂಟೆಯ ದಿನ ಜಾರಿಗೆ ಬಂತು. ಹೊತ್ತು ಕಡಿಮೆಯಾದರೂ ಕೆಲಸ ಕಡಿಮೆಯಾಗಲಿಲ್ಲ, ದಣಿಯದ ಕೈ ಹೆಚ್ಚು ಮಾಡುತ್ತದೆ ಎಂದು ಅಬೆ ಲೆಕ್ಕ ಇಟ್ಟೇ ತೋರಿಸಿದ.

ಎರಡನೇ ಮಹಾಯುದ್ಧದ ಕೊನೆಗೆ ಆ ಕಾರ್ಖಾನೆಯವರೂ ಊರು ಬಿಡಬೇಕಾಯಿತು. 1945ರಲ್ಲಿ ಅಮೆರಿಕದ ಸೈನ್ಯ ಅಲ್ಲಿನ ತಜ್ಞರನ್ನು ಕುಟುಂಬ ಸಹಿತ ಪಶ್ಚಿಮ ಭಾಗಕ್ಕೆ ಸಾಗಿಸಿತು. ಮರುವರ್ಷ ಸೋವಿಯತ್ ಕಡೆಯವರು ಯಂತ್ರಗಳನ್ನೂ ನೂರಾರು ಕುಶಲಿಗಳನ್ನೂ ಒಯ್ದರು. ಒಂದು ಹೆಸರು ಎರಡು ಕಂಪನಿಯಾಗಿ ಒಡೆದು, ಜರ್ಮನಿ ಒಂದಾದ ಮೇಲೆ 1991ರಲ್ಲಿ ಮತ್ತೆ ಕೂಡಿತು. ಇಂದು ಆ ಹೆಸರಿನ ಬೋರ್ಡು ನಮ್ಮ ಬೆಂಗಳೂರಿನ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲೂ ಇದೆ.

ಸೌದಿಯ ಕಾರ್ಮಿಕ ಕಾನೂನಿನಲ್ಲೂ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿಯಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಊರಿಗೆ ಮರಳುವಾಗ ನಾವು ಲೆಕ್ಕ ಹಾಕುವ ಸರ್ವಿಸ್ ಹಣವೂ ಕಾನೂನಿನದೇ. ಇವು ಯಾರದೋ ದೊಡ್ಡ ಮನಸ್ಸಿನ ಭಿಕ್ಷೆಯಲ್ಲ. ನಿಂತು ನಿಂತು ಸೋತ ಎಷ್ಟೋ ಕಾಲುಗಳು ಕೇಳಿ ಪಡೆದವು. ನಮ್ಮಲ್ಲಿ ಹೊಸದಾಗಿ ಬಂದ ತಮ್ಮಂದಿರು ಸಹಿ ಹಾಕುವ ಮೊದಲು ಕಾಂಟ್ರಾಕ್ಟಿನ ಸಣ್ಣ ಅಕ್ಷರಗಳನ್ನು ಓದಿಸಿಕೊಳ್ಳಲಿ. ಅದಕ್ಕೆ ಮೈಕ್ರೋಸ್ಕೋಪ್ ಬೇಡ, ಪಕ್ಕದಲ್ಲಿ ಕೂತು ಓದಿ ಹೇಳುವ ಒಬ್ಬ ಅಣ್ಣ ಸಾಕು.